ಕೆಂಚನಿಗೆ ಇಟ್ಟ ಐದು ಎಲೆ

ಇನ್ನೊಬ್ಬರಿಗೆ ಯಾವ ಊಟ ಇಷ್ಟ ಅಂತ ಕಂಡುಹಿಡಿಯುವುದು ಎಷ್ಟು ಕಷ್ಟದ ಕೆಲಸ ಅನ್ನುವುದು ನನಗೆ ತಿಳಿದದ್ದು ಐವತ್ತೆರಡನೇ ವಯಸ್ಸಿನಲ್ಲಿ, ಅದೂ ಒಂದು ನಾಯಿಯ ದೆಸೆಯಿಂದ. ನೆಂಟರನ್ನು ಕೇಳಿದರೆ ಏನಾದರೂ ಆದೀತು, ತೊಂದರೆ ತಗೋಬೇಡಿ ಅನ್ನುತ್ತಾರೆ. ಏನಾದರೂ ಮಾಡಿ ಬಡಿಸಿದರೆ ಊರಿಗೆ ಹೋಗಿ ಆಡಿಕೊಳ್ಳುತ್ತಾರೆ. ಗಂಡನನ್ನು ಕೇಳಿದರೆ ನೀನು ಮಾಡಿದ್ದೇ ಇಷ್ಟ ಅನ್ನುತ್ತಾರೆ. ಅದು ಭಯದ ಮಾತು, ರುಚಿಯ ಮಾತಲ್ಲ. ನಾಯಿಗೆ ಇಂಥ ನಾಟಕ ಬರುವುದಿಲ್ಲ, ಇಟ್ಟರೆ ತಿನ್ನುತ್ತದೆ ಇಲ್ಲವೇ ಬಿಡುತ್ತದೆ, ಹಾಗಾಗಿ ಸುಲಭ ಅಂದುಕೊಂಡಿದ್ದೆ. ನಾನು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿರುವವಳು. ದೆವ್ವ, ಗಾಳಿ, ಸೋಂಕು ಅಂತ ತರಗತಿಯಲ್ಲಿ ಯಾರಾದರೂ ಬಾಯಿ ಬಿಟ್ಟರೆ ಮುಗಿಯಿತು, ಆ ದಿನ ಪಾಠವೆಲ್ಲ ಅವರ ಮೇಲೆಯೇ. ಅಂಥ ನಾನು ಈಗ ನಮ್ಮ ಮನೆಯ ನಡುಮನೆಗೆ ಮಟಮಟ ಮಧ್ಯಾಹ್ನ ಒಬ್ಬಳೇ ಕಾಲಿಡುವ ಮುಂಚೆ ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮುತ್ತೇನೆ. ಯಾರಿಗೆ ಕೇಳಲಿ ಅಂತ ಕೆಮ್ಮುತ್ತೀರಿ ಅಂದರೆ ಧೂಳು ಕಣ್ರೀ ಅನ್ನುತ್ತೇನೆ.

ನಮ್ಮದು ತುರುವೇಕೆರೆಗೂ ತಿಪಟೂರಿಗೂ ನಡುವೆ ಬಸ್ಸಿಳಿದು ಒಂದಷ್ಟು ದೂರ ನಡೆದರೆ ಸಿಗುವ ತೋಟದ ಮನೆ. ನಡುಮನೆಯ ತಲೆಯ ಮೇಲೆಯೇ ಕೊಬ್ಬರಿಯ ಅಟ್ಟ. ಬಲಿತ ಕಾಯಿಯನ್ನು ಸುಲಿಯದೆ ಅಲ್ಲಿಗೆ ಏರಿಸಿ ಸುಮ್ಮನೆ ಬಿಟ್ಟುಬಿಡುತ್ತೇವೆ. ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ, ಕಾಯಿ ಅಲುಗಿದರೆ ಒಳಗೇ ಕಟಕಟ ಅನ್ನುತ್ತದೆ. ಮೇಲೆ ಇಲಿ ಓಡಿದರೂ ಸಾಕು, ಒಂದು ಕಾಯಿ ಉರುಳಿ ಇನ್ನೊಂದಕ್ಕೆ ತಾಗಿ, ಆ ಮೂಲೆಯಿಂದ ಈ ಮೂಲೆಗೆ ಯಾರೋ ನಡೆದು ಬಂದ ಹಾಗೆ ಸದ್ದಾಗುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಹೆದರಿ ಚಾಪೆಯಿಂದ ಎದ್ದು ಕೂತಿದ್ದೆ. ನಮ್ಮತ್ತೆ ಸಿದ್ದಮ್ಮನವರು ಕೆಳಗೆ ಕೂತು ಆ ಸದ್ದು ಕೇಳಿಯೇ ಯಾವ ಮೂಲೆಯ ಕಾಯಿ ಹದಕ್ಕೆ ಬಂದಿದೆ ಅಂತ ಹೇಳುತ್ತಿದ್ದರು, ಅದು ತಪ್ಪಿದ್ದೇ ಇಲ್ಲ. ನಾನು ಅಟ್ಟ ಹತ್ತಿ, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಹೇಳಿದರೂ ತಪ್ಪುತ್ತಿತ್ತು. ಈ ವಿಷಯದಲ್ಲಿ ನಮ್ಮಿಬ್ಬರ ಅಂತರವನ್ನು ಅವರು ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು.

ಅಂತರ ಇದ್ದದ್ದು ಅದೊಂದರಲ್ಲಿ ಮಾತ್ರವಲ್ಲ. ನನ್ನ ಸಾರಿಗೆ ಉಪ್ಪು ಹೆಚ್ಚು, ಮುದ್ದೆಗೆ ಗಂಟು ಹೆಚ್ಚು, ನಾಲಿಗೆಗೆ ಖಾರ ಹೆಚ್ಚು. ಇದು ಅವರ ತೀರ್ಪು. ನಾನೂ ಬಿಟ್ಟವಳಲ್ಲ. ಅವರು ಒಂದು ಅಂದರೆ ನಾನು ಒಂದೂವರೆ ಅನ್ನುತ್ತಿದ್ದೆ, ಉಳಿದ ಅರ್ಧವನ್ನು ಪಾತ್ರೆ ಕುಕ್ಕಿ ಹೇಳುತ್ತಿದ್ದೆ. ಹುಳಿಯಾರಿನ ಕಡೆಯಿಂದ ಕುರಿ ಹೊಡೆದುಕೊಂಡು ಬಂದವರೊಬ್ಬರು ನಮ್ಮ ತೋಟದಲ್ಲಿ ತಂಗಿದ್ದಾಗ ಒಂದು ಕೆಂಪು ನಾಯಿಮರಿ ಬಿಟ್ಟು ಹೋದರು. ಅದಕ್ಕೆ ಕೆಂಚ ಅಂತ ಹೆಸರಿಟ್ಟು ಬೆಳೆಸಿದವರು ನಮ್ಮತ್ತೆ. ಏಳು ವರ್ಷ ಅದು ಅವರ ಹಿಂದೆಯೇ ತಿರುಗಿತು. ಈ ಮಾರ್ಚಿನಲ್ಲಿ ಅವರು ಮಲಗಿದವರು ಮೇಲೇಳಲಿಲ್ಲ. ತೀರಿಹೋಗುವ ಹಿಂದಿನ ದಿನ ಮಗನನ್ನು ಕರೆಯುತ್ತಾರೆ ಅಂದುಕೊಂಡರೆ ನನ್ನನ್ನು ಕರೆದರು. "ಕೆಂಚನ್ ಹೊಟ್ಟೆ ಒಣಗುಸ್ಬೇಡ ಕಣೇ" ಅಂದರು, ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಅವರು ನನ್ನ ಮೇಲೆ ನಂಬಿಕೆಯಿಟ್ಟು ವಹಿಸಿದ ಕೆಲಸ ಅದೊಂದೇ. ಆಗಲಿ ಅತ್ತೆ ಅಂದಿದ್ದೆ.

ಆ ಒಂದು ಕೆಲಸದಲ್ಲೇ ನಾನು ನಪಾಸಾಗುವ ಹಾಗೆ ಕಂಡಿತು. ಹನ್ನೊಂದನೇ ದಿನದ ಕಾರ್ಯ ಮುಗಿಯುವವರೆಗೆ ಮನೆ ತುಂಬ ಜನ, ಕೆಂಚ ಏನಾದರೂ ತಿಂದಿರಬಹುದು ಅಂದುಕೊಂಡೆವು. ಜನ ಖಾಲಿಯಾದ ಮೇಲೆ ನೋಡಿದರೆ ತಟ್ಟೆಯಲ್ಲಿ ಹಾಕಿದ್ದು ಹಾಕಿದ ಹಾಗೇ ಇರುತ್ತಿತ್ತು. ಒಂದೊಂದು ದಿನ ಎರಡು ತುತ್ತು, ಒಂದೊಂದು ದಿನ ಬರೀ ನೀರು. ಪಕ್ಕೆಲುಬು ಎಣಿಸುವ ಹಾಗಾಯಿತು. ಅದಕ್ಕಿಂತ ನನಗೆ ಸರಿಹೋಗದೆ ಇದ್ದದ್ದು ಅದರ ಕಣ್ಣು. ನಡುಮನೆಯ ಹೊಸಿಲಲ್ಲಿ ಮಲಗಿ, ಅಡುಗೆಮನೆಯ ಬಾಗಿಲಿಂದ ಹಿತ್ತಲ ಬಾಗಿಲವರೆಗೆ ನಿಧಾನವಾಗಿ ಏನನ್ನೋ ನೋಡಿಕೊಂಡು ತಲೆ ತಿರುಗಿಸುತ್ತಿತ್ತು, ಮುದುಕರು ಯಾರೋ ನಡೆದು ಹೋದರೆ ನಾವು ನೋಡುವುದಿಲ್ಲವೇ ಹಾಗೆ. ಅಲ್ಲಿ ನೋಡಿದರೆ ಏನೂ ಇಲ್ಲ. ಬಾಲ ಮಾತ್ರ ನೆಲಕ್ಕೆ ಎರಡು ಸಲ ಬಡಿಯುತ್ತಿತ್ತು. ನೊಣ ಇರಬೇಕು ಅಂತ ನಾನು ನಮ್ಮನೆಯವರಿಗೆ ಹೇಳಿದೆ. ಅವರು ಹೂಂ ಅಂದರು. ನಮ್ಮನೆಯವರ ಹೂಂನಲ್ಲಿ ಹತ್ತು ತರಹ ಇವೆ, ಇದು ನಂಬದ ಹೂಂ.

ಕೆಂಚನನ್ನು ಆಟೋದಲ್ಲಿ ಹಾಕಿಕೊಂಡು ದನದ ಡಾಕ್ಟರ ಹತ್ತಿರ ಹೋದೆವು. ಅವರು ಬಾಯಿ, ಹೊಟ್ಟೆ, ಜ್ವರ ಎಲ್ಲ ನೋಡಿ, ಕಾಯಿಲೆ ಏನೂ ಇಲ್ಲ, ಊಟ ಹಿಡಿಸುತ್ತಿಲ್ಲ, ಮನೆಯಲ್ಲಿ ನಾಲ್ಕೈದು ಬಗೆ ಇಟ್ಟು ಯಾವುದು ಇಷ್ಟ ಅಂತ ಕಂಡುಹಿಡಿಯಿರಿ ಅಂದರು. ಇನ್ನು ಹದಿನೈದು ದಿನ ಹೀಗೇ ಆದರೆ ನಾಯಿ ಉಳಿಯುವುದಿಲ್ಲ ಅಂತಲೂ ಅಂದರು. ಬರುವಾಗ ಆಟೋದಲ್ಲಿ ಕೆಂಚನ ತಲೆ ನನ್ನ ತೊಡೆಯ ಮೇಲಿತ್ತು, ಅದರಲ್ಲಿ ತೂಕವೇ ಇರಲಿಲ್ಲ. ನನಗೆ ಅಳು ಬಂತು, ಗಾಳಿಗೆ ಕಣ್ಣುರಿ ಅಂತ ಸೆರಗಿನಿಂದ ಒರೆಸಿಕೊಂಡೆ.

ಬೇಸಿಗೆ ರಜೆ, ಶಾಲೆ ಇರಲಿಲ್ಲ. ಕಂಡುಹಿಡಿಯುವುದು ಅಂದರೆ ನನಗೆ ಬಿಟ್ಟು ಇನ್ನಾರಿಗೆ ಬರುತ್ತದೆ ಅಂತ ಒಂದು ನೋಟ್ ಪುಸ್ತಕ ತೆಗೆದು ಗೆರೆ ಹಾಕಿದೆ. ವಾರ, ಹೊತ್ತು, ಇಟ್ಟದ್ದು, ತಿಂದದ್ದು, ಷರಾ. ಹಾಲನ್ನ ಇಟ್ಟೆ, ಮುದ್ದೆ ಹುರುಳಿಕಾಳು ಸಾರು ಇಟ್ಟೆ. ನಮ್ಮತ್ತೆ ಎಂದೂ ಅಡುಗೆಮನೆಯೊಳಕ್ಕೆ ಬಿಡದ ಮೊಟ್ಟೆಯನ್ನು ಹಿತ್ತಲ ಒಲೆಯಲ್ಲಿ ಬೇಯಿಸಿ ಅನ್ನಕ್ಕೆ ಕಲಸಿ ಇಟ್ಟೆ. ತಿಪಟೂರಿನಿಂದ ನಾಯಿಗೇ ಅಂತ ಮಾರುವ ಪ್ಯಾಕೆಟ್ ತರಿಸಿದೆ. ನಮ್ಮನೆಯವರು ಅದರಲ್ಲಿ ಒಂದು ಕಾಳು ತೆಗೆದು ಮೂಸಿ, ಆಚೀಚೆ ನೋಡಿ, ಬಾಯಿಗೆ ಹಾಕಿಕೊಂಡರು. ಉಪ್ಪಿಲ್ಲ ಅಂದರು. ಕೆಂಚ ಅಷ್ಟೂ ಮಾಡಲಿಲ್ಲ. ಒಂದು ದಿನ ಹಾಲನ್ನ ಎರಡು ತುತ್ತು ತಿಂದರೆ ಮಾರನೇ ದಿನ ಅದನ್ನು ಮೂಸಿಯೂ ನೋಡುತ್ತಿರಲಿಲ್ಲ, ಮುದ್ದೆ ಒಂದಿಷ್ಟು ನುಂಗುತ್ತಿತ್ತು. ಅದರ ಮಾರನೇ ದಿನ ಅದೂ ಬೇಡ.

ಎರಡನೇ ವಾರ ಪುಸ್ತಕ ತಿರುವಿ ನೋಡುತ್ತಿದ್ದಾಗ ನನ್ನ ಕಣ್ಣಿಗೆ ಒಂದು ಬಿತ್ತು. ಎರಡು ಸೋಮವಾರವೂ ಕೆಂಚ ಹಗಲೆಲ್ಲ ಏನೂ ಮುಟ್ಟಿರಲಿಲ್ಲ, ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಒಂದು ತುತ್ತು ತಿಂದಿತ್ತು. ನಮ್ಮತ್ತೆಗೆ ಸೋಮವಾರ ಒಪ್ಪತ್ತು, ದೀಪ ಹಚ್ಚಿದ ಮೇಲೆಯೇ ಊಟ. ನಾನು ನಕ್ಕೆ. ಇಷ್ಟು ವರ್ಷ ಅವರ ಜೊತೆ ತಿಂದದ್ದು, ಅವರ ಅಭ್ಯಾಸವೇ ಇದಕ್ಕೂ ಬಂದಿದೆ, ಇದರಲ್ಲೇನು ಅಂತ ಗಂಡನಿಗೆ ಪಾಠ ಮಾಡಿದೆ. ಅವರು ಕೇಳಿಸಿಕೊಂಡು, ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ, ಪುಸ್ತಕದಲ್ಲಿ ನಾನು ಸೊನ್ನೆ ಬರೆದ ಇನ್ನೊಂದು ದಿನದ ಮೇಲೆ ಬೆರಳಿಟ್ಟರು. ಆ ದಿನ ಅಮಾವಾಸ್ಯೆ. ನಮ್ಮತ್ತೆ ಅಮಾವಾಸ್ಯೆಗೆ ಹನಿ ನೀರು ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ನಾಯಿಗಳಿಗೆ ಚಂದ್ರನ ಹೆಚ್ಚುಕಮ್ಮಿ ಗೊತ್ತಾಗುತ್ತದೆ ಅಂದೆ, ಎಲ್ಲಿ ಓದಿದ್ದೆ ಅಂತ ಕೇಳಿದರೆ ಹೇಳಲಾರೆ. "ಹಗಲೊತ್ತು ಚಂದ್ರ ಎಲ್ಲೈತೆ ಕಣೇ" ಅಂದರು ನಮ್ಮನೆಯವರು. ನಾನು ಪಾತ್ರೆ ತೊಳೆಯಲು ಹೋದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೇನೆ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಡಾಕ್ಟರು ಕೊಟ್ಟ ಹದಿನೈದು ದಿನದಲ್ಲಿ ಎರಡು ಉಳಿದಿದ್ದವು. ತಪ್ಪು ಎಲ್ಲಿದೆ ಅಂತ ಯೋಚಿಸಿ, ತಪ್ಪು ನನ್ನಲ್ಲೇ ಇದೆ ಅನ್ನುವ ತೀರ್ಮಾನಕ್ಕೆ ಬಂದೆ. ನೋಡುವವರು ಎದುರಿಗೆ ನಿಂತರೆ ಪ್ರಯೋಗ ಕೆಡುತ್ತದೆ. ನಾನು ಪುಸ್ತಕ ಹಿಡಿದು ಮುಖದ ಮುಂದೆ ಕೂತರೆ ಯಾವ ಪ್ರಾಣಿಗೆ ಅನ್ನ ಇಳಿದೀತು? ನನ್ನ ವಿದ್ಯಾರ್ಥಿಗಳೇ ಸಾಕ್ಷಿ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಇಟ್ಟು, ಬಾಗಿಲು ಹಾಕಿ, ಹೊರಗೆ ಬಂದು ಕೂರುವುದು ಅಂತ ಗೊತ್ತುಮಾಡಿದೆ. ಸ್ಟೀಲ್ ತಟ್ಟೆಗೆ ಪಾತ್ರೆ ಸೋಪಿನ ವಾಸನೆ ಇರುತ್ತದೆ ಅಂತ ತೋಟದಿಂದ ಬಾಳೆಲೆ ಕೊಯ್ದು ತಂದೆ. ನಡುಮನೆ ಒರೆಸಿ ಐದು ಎಲೆ ಸಾಲಾಗಿ ಹಾಸಿದೆ, ಪಕ್ಕದಲ್ಲಿ ಒಂದು ಚೊಂಬು ನೀರು. ನಾಲ್ಕು ಎಲೆಗೆ ನಾಲ್ಕು ಬಗೆ ಆಯಿತು. ಐದನೆಯದಕ್ಕೆ ಬೆಳಿಗ್ಗೆ ಮಿಕ್ಕಿದ್ದ ನನ್ನ ಉಪ್ಪಿಟ್ಟು ಬಡಿಸಿದೆ. ಪ್ರಯೋಗದಲ್ಲಿ ಮನುಷ್ಯರಿಗೆ ಬೇಡವಾದದ್ದು ಒಂದು ಇರಬೇಕು, ಹೋಲಿಸಿ ನೋಡಲು. ಉಪ್ಪಿಟ್ಟು ಮಾಡಿದ ದಿನವೆಲ್ಲ ನಮ್ಮತ್ತೆ ತಟ್ಟೆಯನ್ನು ಒಂದು ಸಲ ನೋಡಿ, ಇದನ್ನ ಕೆಂಚಂಗೆ ಹಾಕ್ತೀನಿ ಕೊಡು ಅಂತ ಹಿತ್ತಲಿಗೆ ತಗೊಂಡು ಹೋಗುತ್ತಿದ್ದರು. ತಟ್ಟೆ ಖಾಲಿಯಾಗಿ ಬರುತ್ತಿತ್ತು. ಸದ್ಯ, ನಾಯಿಯಾದರೂ ತಿಂತಲ್ಲ ಅಂತ ನಾನು ಹಲ್ಲು ಕಚ್ಚಿಕೊಂಡು ಶಾಲೆಗೆ ಹೋಗುತ್ತಿದ್ದೆ. ಆ ಸಿಟ್ಟಿಗೇ ಇಷ್ಟು ದಿನ ಉಪ್ಪಿಟ್ಟನ್ನು ಪುಸ್ತಕಕ್ಕೆ ಸೇರಿಸಿರಲಿಲ್ಲ.

ಹನ್ನೆರಡೂವರೆ. ತೋಟದಲ್ಲಿ ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ. ಕಾಗೆ ಕೂಡ ಎಲ್ಲೋ ನೆರಳು ಹಿಡಿದು ಬಾಯಿ ಮುಚ್ಚಿಕೊಂಡಿತ್ತು. ಕೆಂಚನನ್ನು ಒಳಗೆ ಬಿಟ್ಟು ಹಿತ್ತಲ ಬಾಗಿಲು ಹಾಕಿ ಬನ್ನಿ ಅಂತ ನಮ್ಮನೆಯವರಿಗೆ ಹೇಳಿ, ನಾನು ಬೀದಿ ಬಾಗಿಲು ಎಳೆದುಕೊಂಡು ಜಗಲಿಯ ಮೇಲೆ ಕೂತೆ. ಅವರು ಸುತ್ತಿಕೊಂಡು ಬಂದು ಪಕ್ಕದಲ್ಲಿ ಕೂತರು. ಇಬ್ಬರಲ್ಲೂ ಮಾತಿಲ್ಲ. ಒಳಗೆ ಅಟ್ಟದ ಮೇಲೆ ಒಂದು ಕಾಯಿ ಉರುಳಿತು. ಸ್ವಲ್ಪ ಬಿಟ್ಟು ಇನ್ನೊಂದು. ಆ ಮೂಲೆಯಿಂದ ಈ ಮೂಲೆಗೆ ಬಂದು, ಸರಿಯಾಗಿ ನಡುಮನೆಯ ಮೇಲೆ ನಿಂತಿತು.

ಆ ಹೊತ್ತಿಗೆ ಪಕ್ಕದ ತೋಟದ ಪುಟ್ಟಮ್ಮ ಹಾಲಿಗೆ ಹೆಪ್ಪು ಕೇಳಿಕೊಂಡು ಬಂತು. ಎಪ್ಪತ್ತು ದಾಟಿದ ಜೀವ, ನಮ್ಮತ್ತೆಯ ಜೀವದ ಗೆಳತಿ. ಬಂದದ್ದೇ ನಮ್ಮಿಬ್ಬರ ಮುಖ ನೋಡಿ, ಕಿಟಕಿಯಿಂದ ಒಳಗೆ ಇಣುಕಿ, ಸೆರಗು ತಲೆಗೆ ಹೊದ್ದುಕೊಂಡು, ದನಿ ಇಳಿಸಿ ಕೇಳಿತು:

"ಯಾರ್ಗವ್ವಾ ಎಡೆ ಇಟ್ಟಿರೋದು? ಸಿದ್ದಕ್ಕಂಗಾ?"

ನಮ್ಮ ಕಡೆ ತೀರಿಹೋದವರಿಗೆ ಎಡೆ ಇಡುವುದು ಹೀಗೆಯೇ. ನೆಲ ಒರೆಸಿ ಎಲೆ ಹಾಸಿ, ಅವರಿಗೆ ಏನೇನು ಇಷ್ಟವಿತ್ತೋ ಎಲ್ಲ ಬಡಿಸಿ, ಪಕ್ಕದಲ್ಲಿ ನೀರಿಟ್ಟು, ಬಾಗಿಲು ಹಾಕಿಕೊಂಡು ಮನೆಯವರೆಲ್ಲ ಹೊರಗೆ ಬಂದು ಮಾತಾಡದೆ ಕೂರಬೇಕು. ನಾವು ಎದುರಿಗಿದ್ದರೆ ಅವರು ಬಂದು ಉಣ್ಣುವುದಿಲ್ಲ ಅಂತ. ವರ್ಷ ವರ್ಷ ನನ್ನ ಕೈಯಿಂದಲೇ ಮಾಡಿದ ಕೆಲಸ. ವಿಜ್ಞಾನ ಅಂದುಕೊಂಡು ನಾನು ಅಚ್ಚುಕಟ್ಟಾಗಿ ಅದನ್ನೇ ಮಾಡಿ ಕೂತಿದ್ದೆ. ಎಡೆಯಲ್ಲ ಪುಟ್ಟಮ್ಮ, ಕೆಂಚನಿಗೆ ಇಟ್ಟಿರುವುದು, ಅದು ಒಳಗಿದೆ ಅಂತ ಹೇಳುತ್ತಿದ್ದೇನೆ, ಕೆಂಚ ತೋಟದ ಕಡೆಯಿಂದ ತಲೆ ತಗ್ಗಿಸಿಕೊಂಡು ಬಂದು ನನ್ನ ಕಾಲ ಹತ್ತಿರ ಮಲಗಿತು.

ನಾನು ಗಂಡನ ಮುಖ ನೋಡಿದೆ. ಅವರು ನೆಲ ನೋಡಿದರು. ಬಡಿಸಿ ಮುಗಿಯುವವರೆಗೆ ನಾಯಿ ಹೊರಗಿರಲಿ ಅಂತ ನಾನು ಹೇಳಿದೆ ಅಂದುಕೊಂಡು ಅವರು ಅದನ್ನು ಹೊರಗೆ ಬಿಟ್ಟು, ಹಿತ್ತಲ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಬಂದಿದ್ದರಂತೆ. ಅಂದರೆ ಒಳಗೆ ಇಷ್ಟು ಹೊತ್ತೂ ಯಾರೂ ಇರಲಿಲ್ಲ. ಬಾಗಿಲು ತೆಗೆಯಲು ನಾನು ಅವರಿಗೆ ಹೇಳಿದೆ, ಅವರು ನನಗೆ ಹೇಳಿದರು, ಕೊನೆಗೆ ಪುಟ್ಟಮ್ಮನೇ ಮೂರು ಸಲ ಬಾಗಿಲು ತಟ್ಟಿ ತೆಗೆಯಿತು. ಎಡೆ ತೆಗೆಯುವಾಗ ತಟ್ಟುವುದು ವಾಡಿಕೆ.

ನಾಲ್ಕು ಎಲೆ ಹಾಕಿದ ಹಾಗೇ ಇದ್ದವು, ಹಾಲನ್ನದ ಮೇಲಿನ ಕೆನೆಯೂ ಕದಲಿರಲಿಲ್ಲ. ಐದನೇ ಎಲೆ ಖಾಲಿ. ಒಂದು ಕಾಳು ರವೆಯೂ ನೆಲಕ್ಕೆ ಚೆಲ್ಲಿರಲಿಲ್ಲ. ಎಲೆಯ ಅಂಚಿನಲ್ಲಿ ಕರಿಬೇವಿನ ಎಸಳುಗಳು ಮಾತ್ರ ಒಂದರ ಪಕ್ಕ ಒಂದು ಸಾಲಾಗಿ ಕೂತಿದ್ದವು. ಹೆಗ್ಗಣ ಅಂದೆ ನಾನು, ಅಟ್ಟದಿಂದ ಇಳಿದಿರುತ್ತದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. ಹಾಲನ್ನ ಬಿಟ್ಟು ನಿನ್ನ ಉಪ್ಪಿಟ್ಟು ತಿನ್ನುವ ಹೆಗ್ಗಣ ಯಾವುದು ಅಂತ ನಮ್ಮನೆಯವರು ಕೇಳಲಿಲ್ಲ, ಕೇಳುವ ಹಾಗೆ ಮುಖ ಮಾಡಿದರು. ಪಾತ್ರೆಯಲ್ಲಿ ಇನ್ನೂ ಒಂದು ಹಿಡಿ ಉಪ್ಪಿಟ್ಟು ಇತ್ತು. ಅದನ್ನು ಅಂಗೈಯಲ್ಲಿ ಹಿಡಿದು ಕೆಂಚನ ಮೂತಿಗೆ ಇಟ್ಟೆ. ಅದು ಒಂದೇ ಸಲ ಮೂಸಿ, ಮುಖವನ್ನು ಆ ಕಡೆ ತಿರುಗಿಸಿತು. ತುಟಿಗೆ ಸವರಿದೆ, ತಲೆ ಒದರಿಕೊಂಡಿತು. ಇದನ್ನು ನೀನು ಯಾವಾಗಲೂ ತಿನ್ನುತ್ತಿದ್ದೆಯಲ್ಲೋ ಅಂತ ನಾನು ನಾಯಿಯನ್ನೇ ದಬಾಯಿಸಿದೆ.

ಪುಟ್ಟಮ್ಮ ಹೊಸಿಲ ಮೇಲೆ ಕೂತಿತು. "ಅದ್ಯಾವತ್ ತಿಂದೈತೆ ಬುಡವ್ವ. ಸಿದ್ದಕ್ಕ ಬಟ್ಟೆ ಒಗಿಯೋ ಚಪ್ಪಡಿ ಮ್ಯಾಲೆ ಕುಂತ್ಕಂಡು ತಾನೇ ತಿಂತಿತ್ತು. ಇದು ಎದುರ್ಗೆ ಕುಂತ್ಕಂಡು ನೋಡೋದು. ನಾನೇ ಕೇಳಿದ್ದೆ, ಚೆಂದಾಗೈತೆ ಅಂತ ಸೊಸೆಗ್ ಹೇಳಕ್ಕೇನೇ ಅಂತ. ಹೇಳುದ್ರೆ ದಿನಾ ಅದುನ್ನೇ ಮಾಡಾಕ್ತಾಳೆ ಕಣೇ ಅಂತಿತ್ತು."

ನನಗೆ ನಗು ಬರಬೇಕಿತ್ತು. ಬಂದದ್ದು ನಗುವಲ್ಲ. ಆಮೇಲೆ ಕೆಂಚನಿಗೆ ಏನು ಹಾಕುತ್ತಿದ್ದರು ಅಂತ ಕೇಳಿದೆ. ಏನಿದ್ದರೆ ಅದು, ಮುದ್ದೆಯೋ ಅನ್ನವೋ, ಮೊದಲು ತಾನು ಉಂಡು ಆಮೇಲೆ ಅದಕ್ಕೆ ಇಡುತ್ತಿತ್ತು, ಆಯಮ್ಮನ ಬಾಯಿ ಆಡದೆ ಅದು ಮುಟ್ಟುತ್ತಿರಲಿಲ್ಲ ಅಂತ ಪುಟ್ಟಮ್ಮ ಹೇಳಿತು. ನಾನು ಒಳಗೆ ಹೋಗಿ ನೋಟ್ ಪುಸ್ತಕ ತೆಗೆದೆ. ಕೆಂಚ ಎರಡು ತುತ್ತು ತಿಂದಿದ್ದ ದಿನಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಅಷ್ಟೂ ದಿನ ನಾನು ಅವಸರಕ್ಕೆ ಹಿತ್ತಲ ಬಾಗಿಲಲ್ಲೇ ತಟ್ಟೆ ಹಿಡಿದು ಕೂತು ಉಂಡಿದ್ದೆ. ಐದು ಕಾಲಂ ಗೆರೆ ಹಾಕಿದವಳು ಅದೊಂದನ್ನು ಬರೆದುಕೊಂಡಿರಲಿಲ್ಲ. ಸೋಮವಾರ ಮತ್ತು ಅಮಾವಾಸ್ಯೆಯ ಲೆಕ್ಕ ಮಾತ್ರ ಇದರಲ್ಲೂ ಕೂಡಲಿಲ್ಲ. ಅದನ್ನು ಹಾಗೇ ಬಿಟ್ಟಿದ್ದೇನೆ.

ಮಾರನೇ ದಿನ ಉಪ್ಪಿಟ್ಟು ಮಾಡಿ, ಒಂದು ತಟ್ಟೆಯಲ್ಲಿ ಅದನ್ನೂ ಇನ್ನೊಂದರಲ್ಲಿ ಮುದ್ದೆಯನ್ನೂ ಹಿಡಿದು ಹಿತ್ತಲ ಚಪ್ಪಡಿಯ ಮೇಲೆ ಹೋಗಿ ಕೂತೆ. ಅದೇ ಮಧ್ಯಾಹ್ನ, ಅದೇ ಸದ್ದಿಲ್ಲದ ತೋಟ. ಕೆಂಚ ಬಂದು ಎದುರಿಗೆ ಕೂತಿತು. ನಾನು ನನ್ನ ಉಪ್ಪಿಟ್ಟನ್ನು ತುತ್ತು ತುತ್ತಾಗಿ ತಿಂದೆ. ಚೆನ್ನಾಗಿಯೇ ಇತ್ತು, ಇಷ್ಟು ವರ್ಷ ನಾನೇ ಅದನ್ನು ಸಮಾಧಾನವಾಗಿ ಕೂತು ತಿಂದಿರಲಿಲ್ಲ. ತಟ್ಟೆ ಖಾಲಿ ಮಾಡಿ ಮುದ್ದೆಯನ್ನು ಕೆಳಗಿಟ್ಟೆ. ಕೆಂಚ ತಕ್ಷಣ ಬಾಯಿ ಹಾಕಲಿಲ್ಲ. ಅದು ನನ್ನನ್ನು ನೋಡುತ್ತಲೇ ಇರಲಿಲ್ಲ. ನನ್ನ ಎಡಗಡೆ, ಚಪ್ಪಡಿಯ ಖಾಲಿ ಜಾಗವನ್ನು ನೋಡುತ್ತಿತ್ತು. ನನಗೆ ಎದ್ದು ಓಡೋಣ ಅನ್ನಿಸಿತು, ನಾಯಿ ಉಣ್ಣುವುದು ತಪ್ಪುತ್ತದಲ್ಲ ಅಂತ ಕೂತೆ. ಸ್ವಲ್ಪ ಈಚೆಗೆ ಸರಿದೆ, ಜಾಗ ಬಿಟ್ಟು. ಕೆಂಚ ಬಾಲ ಎರಡು ಸಲ ಬಡಿದು, ತಲೆ ಬಗ್ಗಿಸಿ, ಮುದ್ದೆಯನ್ನು ಪೂರ್ತಿ ತಿಂದು ತಟ್ಟೆ ನೆಕ್ಕಿತು.

ಈಗ ಕೆಂಚ ಮೈ ತುಂಬಿಕೊಂಡಿದೆ. ಕೆಂಚನಿಗೆ ಯಾವುದು ಇಷ್ಟ ಅಂತ ಡಾಕ್ಟರು ಕೇಳಿದರು, ಮುದ್ದೆ ಅಂತ ಹೇಳಿದೆ, ಉಳಿದದ್ದು ಅವರ ಸಿಲಬಸ್ಸಿನಲ್ಲಿ ಇಲ್ಲ. ಹೆಗ್ಗಣಕ್ಕೆ ಅಂತ ಇಟ್ಟ ಬೋನಿನಲ್ಲಿ ಇವತ್ತಿನವರೆಗೆ ಏನೂ ಬಿದ್ದಿಲ್ಲ. ಶಾಲೆ ಶುರುವಾಗಿದೆ, ವಾರಕ್ಕೆರಡು ದಿನ ಉಪ್ಪಿಟ್ಟು ಮಾಡುತ್ತೇನೆ, ಹೆಚ್ಚಾಗಿಯೇ ಮಾಡುತ್ತೇನೆ, ಒಂದು ತಟ್ಟೆ ಹಿತ್ತಲಿಗೆ ಹೋಗುತ್ತದೆ. ಮೊನ್ನೆ ನಮ್ಮನೆಯವರು ತಿನ್ನುತ್ತಾ ತಿನ್ನುತ್ತಾ ಕೈ ನಿಲ್ಲಿಸಿ, ಈಚೀಚೆಗೆ ಉಪ್ಪಿಟ್ಟಿಗೆ ಕರಿಬೇವು ಯಾಕೆ ಹಾಕುತ್ತಿಲ್ಲ ಅಂತ ಕೇಳಿದರು.

ಕೆಂಚನಿಗೆ ಆಗಿಬರುವುದಿಲ್ಲ ಅಂದೆ.